ಯುಲೀಸ್ ತನ್ನದೆಂದ ಮನೆ

ಅಡುಗೆಕಟ್ಟೆಯನ್ನು ಇನ್ನೂ ತಗ್ಗಿಸಿ ಎಂದು ಯುಲೀಸ್ ದಾರ್ದಾರ್ ಹೇಳಿದಾಗಲೇ ವರ್ನಾ ಪಿತ್ರೆಗೆ ಏನೋ ಸರಿಯಿಲ್ಲ ಅನ್ನಿಸಿತು. ಮುದುಕ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆಳು. ಆ ಕಟ್ಟೆಯ ಮುಂದೆ ನಿಂತು ಸಿಗಡಿ ಸುಲಿದರೆ ಸಂಜೆಯೊಳಗೆ ಅವನ ಸೊಂಟ ಹಿಡಿದುಕೊಳ್ಳುವುದು ಖಂಡಿತ.

"ಇಷ್ಟು ತಗ್ಗಾ, ಮಿಸ್ಟರ್ ಯುಲೀಸ್? ಮಕ್ಕಳ ಆಟದ ಮನೆ ಥರ ಆಗತ್ತಲ್ಲ."

"ನಂಗೆ ಹಂಗೇ ಇಷ್ಟ, ಮಿಸ್ ವರ್ನಾ," ಎಂದು ಅವನು ಹೊಳೆಯ ಕಡೆ ತಿರುಗಿಕೊಂಡ.

ಬೇಸಿಗೆಯ ಕೊನೆಯಲ್ಲಿ ಬಂದ ಚಂಡಮಾರುತ ಬಾಯೂ ಮಾರ್ಸೆಲ್ ಹೊಳೆಯ ಇಕ್ಕೆಲದ ಮನೆಗಳ ಸೂರುಗಳನ್ನು ಕಿತ್ತು ಜೌಗಿಗೆ ಎಸೆದಿತ್ತು. ವರ್ನಾ ಹೊಳೆಯ ಮೇಲ್ಗಡೆಯ ಊರಿನವಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಮೇಲೆ, ಮನೆ ಕಟ್ಟಿಕೊಡುವ ಸ್ವಯಂಸೇವಕರ ಒಂದು ತಂಡ ಅವಳ ಕೈಕೆಳಗಿತ್ತು. ದೂರದೂರುಗಳಿಂದ ಬಂದವರು ಚರ್ಚಿನ ಹಜಾರದಲ್ಲಿ ಮಲಗಿ, ಹಗಲೆಲ್ಲ ಮೊಳೆ ಹೊಡೆಯುತ್ತಿದ್ದರು. ಇಲ್ಲಿ ಅಜ್ಜ ಮುತ್ತಜ್ಜನ ಹೆಸರಲ್ಲೇ ಉಳಿದ ಮನೆಗಳು ಹೆಚ್ಚು. ಮನೆಯ ಕಾಗದಪತ್ರ ಕೇಳುತ್ತ ಕೂತರೆ ಯಾರಿಗೂ ಸೂರು ಏಳುವುದಿಲ್ಲ. ಆದ್ದರಿಂದ ಅವಳು ಕೇಳುತ್ತಿದ್ದುದು ಒಂದೇ ಮಾತು: ಇದು ನಿಮ್ಮದೇ ಮನೆಯಾ, ಇಲ್ಲೇ ಇರ್ತೀರಾ? ಹಿಂದಿನ ಸಲದ ಬಿರುಗಾಳಿಯಲ್ಲಿ ಒಬ್ಬಾಕೆ ಹಾಗೆಂದು ಆಣೆ ಮಾಡಿ, ಗೋಡೆಯ ಬಣ್ಣ ಒಣಗುವ ಮೊದಲೇ ಮನೆ ಮಾರಿಕೊಂಡು ಹೋಗಿದ್ದಳು. ಆಮೇಲೆ ವರ್ನಾ ಯಾರು ಏನು ಹೇಳಿದರೂ ಅವರ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡುತ್ತಿದ್ದಳು.

ಯುಲೀಸ್ ನನ್ನದೇ ಮನೆ ಅಂದಿದ್ದ, ಆದರೆ ಅವನ ಮುಖ ಅವಳಿಗೆ ಸಿಗುತ್ತಲೇ ಇರಲಿಲ್ಲ. ಒಂದು ದಿನ ಟೆನ್ನೆಸಿಯ ಬಡಗಿ ಡೇಲ್, ಕರೆಂಟಿನ ಮುಖ್ಯ ಸ್ವಿಚ್ಚು ಎಲ್ಲಿತ್ತು ಎಂದು ಕೇಳಿದ. ಮುದುಕ ಮೂರೂ ಕೋಣೆಗಳ ಗೋಡೆ ತಡವಿ, ಕಡೆಗೆ "ಬಿರುಗಾಳಿ ಹೊತ್ಕೊಂಡು ಹೋಗಿರ್ಬೇಕು" ಅಂದ.

ಡೇಲ್ ಬಚ್ಚಲ ಬಾಗಿಲ ಹಿಂದೆ ಅದನ್ನು ಹುಡುಕಿ ತೆಗೆದ. "ವರ್ನಾ, ಈ ಯಪ್ಪ ತನ್ನ ಮನೇಲೇ ನೆಂಟನ ಥರ ಓಡಾಡ್ತಾನಲ್ಲ," ಎಂದು ನಕ್ಕ.

ವರ್ನಾಗೆ ನಗು ಬರಲಿಲ್ಲ. ಕಪಾಟಿನಲ್ಲಿ ಕೆಸರು ಮೆತ್ತಿದ ಬಟ್ಟೆಗಳೆಲ್ಲ ಹೆಂಗಸಿನವು. ಹೆಂಡತಿಯವಾ ಎಂದು ಕೇಳಿದ್ದಕ್ಕೆ "ನಾನು ಮದುವೇನೇ ಆಗಿಲ್ಲ" ಎಂದವನು, ಮರುಕ್ಷಣವೇ ತಪ್ಪು ಮಾಡಿದವನ ಹಾಗೆ ಬಾಯಿ ಮುಚ್ಚಿಕೊಂಡ. ಸಂಜೆಯಾದರೆ ತನ್ನ ಸಿಗಡಿ ದೋಣಿಗೆ ಹೋಗಿ ಮಲಗುತ್ತಿದ್ದ. ಅದರಲ್ಲಿ ವಿಶೇಷವಿಲ್ಲ, ಮನೆ ಕಳೆದುಕೊಂಡವರು ಎಲ್ಲೆಲ್ಲೋ ಮಲಗುತ್ತಿದ್ದರು. ಆದರೆ ಶುಕ್ರವಾರ ಒಂದು ಹೊಸ ಬಿಳಿ ಪಿಕಪ್ ಗಾಡಿ ಬಂದು ನಿಂತಿತು. ನೀರುಪಕ್ಕದ ಜಾಗ ಕೊಂಡು ಪಟ್ಟಣದವರಿಗೆ ರಜೆಯ ಬಂಗಲೆ ಕಟ್ಟಿಸಿಕೊಡುವ ಆಸಾಮಿ ಅದರಲ್ಲಿದ್ದ. ಯುಲೀಸ್ ಗಾಡಿಯ ಕಿಟಕಿಗೆ ಬಾಗಿ ತುಂಬ ಹೊತ್ತು ಅವನ ಜೊತೆ ಮಾತಾಡಿದ. ಗಾಡಿ ಹೋದ ಮೇಲೆ ಬಂದು, ಸೂರು ಯಾವಾಗ ಮುಗಿಯತ್ತೆ ಎಂದು ಕೇಳಿದ.

ವರ್ನಾ ಸುತ್ತಿಗೆ ಕೆಳಗಿಟ್ಟು ಪಕ್ಕದ ಮನೆಯ ಮಿಸ್ ಯೂಲಾಳ ಹತ್ತಿರ ಹೋದಳು. ಯೂಲಾ ತನ್ನ ಟಾರ್ಪಾಲು ಸೂರಿನ ಕೆಳಗೆ ಬೆಂಡೆಕಾಯಿ ಹೆಚ್ಚುತ್ತಿದ್ದಳು.

"ಅದು ಯುಲೀಸ್ ಮನೇನಾ?"

"ಅವನು ಹಂಗಂದ್ನಾ?" ಯೂಲಾ ಚಾಕು ನಿಲ್ಲಿಸಲಿಲ್ಲ. "ಹಂಗಂದಿದ್ರೆ ಅವನ್ನೇ ಕೇಳಮ್ಮ. ಕ್ಲೋತಿಲ್ಡ್ ಬಾಯಿಗೆ ಬೀಳೋ ವಯಸ್ಸಲ್ಲ ನಂದು."

"ಯಾರು ಕ್ಲೋತಿಲ್ಡ್?"

"ಅವನ ಅಕ್ಕ. ಅಪ್ಪ ಅಮ್ಮನ್ನ ನೋಡ್ಕೊಂಡೋಳು, ಮನೆ ಅವಳಿಗೇ ಬಂತು. ಆ ಸಿಟ್ಟಿಗೆ ಇವನು ಆ ಹೊಸಿಲು ತುಳಿದೇ ಎಷ್ಟೋ ವರ್ಷ ಆಗಿತ್ತು. ಗಾಳಿಗೆ ಅವಳು ಹ್ಯೂಸ್ಟನ್ನಿಗೆ ಮಗಳ ಮನೆಗೆ ಹೋದ್ಲು, ಇವನು ಒಳಗೆ ಬಂದ."

ವರ್ನಾ ಕ್ಲೋತಿಲ್ಡಳ ಫೋನ್ ನಂಬರು ಕೇಳಿ ಪಡೆದಳು. ಹಿಂತಿರುಗಿದವಳೇ ಎಲ್ಲರ ಕೆಲಸ ನಿಲ್ಲಿಸಿದಳು.

"ಅಕ್ಕನ ಮನೆ ರಿಪೇರಿ ಮಾಡಿಸಿ ಮಾರ್ತೀರಾ, ಮಿಸ್ಟರ್ ಯುಲೀಸ್? ಅದೂ ಇವರ ಬೆವರಲ್ಲಿ?"

ಮುದುಕ ಹಲಗೆಯ ಅಟ್ಟಿಯ ಮೇಲೆ ಕೂತುಬಿಟ್ಟ. "ಮಾರ್ತೀನಿ ಅಂದೋಳು ಅವಳು. ಸೂರು ಹೋಗಿದೆ, ಇನ್ನೇನಿದೆ ಅಲ್ಲಿ ಅಂತ ಆ ಗಾಡಿಯವನಿಗೇ ಫೋನ್ ಮಾಡಿದ್ಲಂತೆ, ಅವನೇ ಹೇಳ್ದ. ನಾನು ಅವನಿಗೆ ದಿನಾ ನಾಳೆ ಬಾ, ನಾಡಿದ್ದು ಬಾ ಅಂತಿದೀನಿ. ಸೂರು ಬಂದ್ರೆ ಅವಳ ಮನಸ್ಸು ತಿರುಗುತ್ತೇನೋ ಅಂತ. ಅವಳು ಕುಳ್ಳಿ, ಮಿಸ್ ವರ್ನಾ. ಕಟ್ಟೆ ತಗ್ಗಿಸಿದ್ದು ಅದಕ್ಕೇ."

"ಅವಳಿಗೆ ಹೇಳಿದೀರಾ?"

"ಮಾತೇ ಇಲ್ವಲ್ಲ ನಮಗೆ."

ಕೇಳುವುದಕ್ಕೆ ಚೆನ್ನಾಗಿತ್ತು. ಹಿಂದಿನ ಆ ಹೆಂಗಸಿನ ಆಣೆಯೂ ಚೆನ್ನಾಗಿಯೇ ಇತ್ತು. ವರ್ನಾ ಅವನೆದುರಿಗೇ ಕ್ಲೋತಿಲ್ಡಳಿಗೆ ಫೋನ್ ಮಾಡಿ, ಅವನು ಹೇಳಿದ್ದನ್ನೆಲ್ಲ ಹೇಳಿದಳು.

ಭಾನುವಾರ ಮಗಳ ಕಾರಿನಲ್ಲಿ ಕ್ಲೋತಿಲ್ಡ್ ಬಂದಿಳಿದಳು. ತಮ್ಮನ ಎದೆಮಟ್ಟಕ್ಕೂ ಬಾರದ ಹೆಂಗಸು. ಅವನನ್ನು ಕಂಡೂ ಕಾಣದ ಹಾಗೆ ಒಳಗೆ ಹೋಗಿ, ಒಂದೊಂದು ಗೋಡೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿದಳು.

"ಈ ಕಿಟಕಿ ಯಾರು ಇಲ್ಲಿಟ್ಟಿದ್ದು?"

"ನಾನೇ ಹೇಳ್ದೆ," ಅಂದ ಯುಲೀಸ್. "ಹೊಳೆ ಕಾಣ್ಲಿ ಅಂತ."

"ಹೊಳೆ ನಡುಮನೇಗೇ ಬಂದಿತ್ತು. ಕಂಡಿದ್ದು ಸಾಲ್ದೂಂತಾನಾ? ನಾನು ಸಾಯೋ ತನಕ ಕಾಯೋಕಾಗದೆ ಈಗಲೇ ಒಳಗೆ ಸೇರ್ಕೊಂಡ್ಯಾ?"

ಯುಲೀಸನ ಕಿವಿ ಕೆಂಪಾಯಿತು. ಮೆಟ್ಟಿಲಿಳಿದು ಹೋದ.

ವರ್ನಾ ಮಾತು ಸುತ್ತಲಿಲ್ಲ. "ನೀವು ಇಲ್ಲಿ ಇರೋದಾದ್ರೆ ಕಟ್ತೀವಿ. ಮಾರೋದಾದ್ರೆ ಈಗಲೇ ಏಣಿ ಇಳಿಸ್ತೀವಿ. ಕಾಯ್ತಿರೋ ಮನೆಗಳು ಬೇರೆ ಇವೆ."

ಕ್ಲೋತಿಲ್ಡ್ ತಗ್ಗಿನ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ನಿಂತಳು. "ಅವನು ಹೇಳಿದ್ದು ನಿಜ ಇರ್ಬಹುದಾ?"

"ಗೊತ್ತಿಲ್ಲ," ಅಂದಳು ವರ್ನಾ.

"ನಂಗೂ ಗೊತ್ತಿಲ್ಲ. ಚಿಕ್ಕೋನಿದ್ದಾಗಿಂದ ಅವನ ಸುಳ್ಳು ಯಾವ್ದು ನಿಜ ಯಾವ್ದು ಗೊತ್ತಾಗಿಲ್ಲ." ಕಟ್ಟೆಯ ಅಂಚನ್ನು ಒಮ್ಮೆ ಸವರಿದಳು. "ಮಗಳ ಮನೇಲಿ ಸೋಫಾ ಮೇಲೆ ಮಲಗಿ ಬೆನ್ನು ಬಿದ್ದುಹೋಗಿದೆ. ಇರ್ತೀನಿ, ಕಟ್ಟಿ. ಬೀಗದ ಕೈ ಮಾತ್ರ ನನ್ನ ಹತ್ರಾನೇ."

ಕೆಲಸ ಮುಗಿದ ದಿನ ಅವಳು ದೊಡ್ಡ ಪಾತ್ರೆಯಲ್ಲಿ ಗಂಬೊ ಎಂಬ ಸಿಗಡಿಯ ಗಟ್ಟಿ ಸಾರು ಮಾಡಿದಳು. ಯುಲೀಸ್ ಹೊರಗೆ ಮೆಟ್ಟಿಲ ಮೇಲೆ ಕೂತು ಉಂಡ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ಅವನೂ ಕೇಳಲಿಲ್ಲ. ಅವನ ಬಟ್ಟಲು ಖಾಲಿಯಾದದ್ದನ್ನು ನೋಡಿ, ಇನ್ನೊಂದು ಬಟ್ಟಲು ತುಂಬಿ ಡೇಲನ ಕೈಗೆ ಕೊಟ್ಟಳು. "ಅವನಿಗೆ ಕೊಡು. ನಾನು ಕೊಟ್ಟೆ ಅನ್ಬೇಡ."

ಚಳಿಗಾಲದಲ್ಲಿ ವರ್ನಾ ಏನೋ ನೆಪ ಮಾಡಿಕೊಂಡು ಆ ದಾರಿಯಲ್ಲಿ ಹೋದಳು. ಮನೆಯ ಮುಂದೆ ಮಾರಾಟದ ಫಲಕವೇನಾದರೂ ಇದೆಯೇ ಎಂದು ನೋಡುವುದೇ ಅವಳಿಗೆ ಬೇಕಾಗಿದ್ದುದು. ಫಲಕ ಇರಲಿಲ್ಲ. ಮನೆಯ ಪಕ್ಕದ ದಡದಲ್ಲಿ ಯುಲೀಸನ ದೋಣಿ ಕಟ್ಟಿತ್ತು. ಕಾರಿನ ಗಾಜು ಇಳಿಸಿದರೆ ಒಳಗಿನಿಂದ ಅಕ್ಕ ತಮ್ಮ ಒಬ್ಬರ ಮೇಲೊಬ್ಬರು ಕೂಗಾಡುವುದು ರಸ್ತೆಯವರೆಗೂ ಕೇಳುತ್ತಿತ್ತು. ಜಗಳ ಯಾತಕ್ಕೆ ಎಂದು ಕಿವಿಗೊಟ್ಟು ಕೇಳಿದಳು, ಗೊತ್ತಾಗಲಿಲ್ಲ. ಗಾಜು ಏರಿಸಿ ಮುಂದೆ ಹೋದಳು.