ವಕೀಲರಿಗಾಗಿ ಎರಡು ಮಾತು

"ಆ ವಿಡಿಯೊ ತಗದುಬಿಡ್ರಿ," ಎಂದಳು ನೀತಾ, ಬಾಗಿಲಲ್ಲೇ ನಿಂತು.

ವಕೀಲ ಸಿದ್ದಾರೂಢ ಕುರ್ಚಿ ತೋರಿಸಲು ಎತ್ತಿದ ಕೈಯನ್ನು ಅವಳ ಮುಖ ನೋಡಿ ಕೆಳಗಿಳಿಸಿದ. ಪುಣೆಯ ಸದಾಶಿವ ಪೇಠೆಯ ಆ ಆಫೀಸಿನ ಕೆಳಗೇ ಒಂದು ಕೋಚಿಂಗ್ ಕ್ಲಾಸು. ಹುಡುಗರು ಒಕ್ಕೊರಲಿನಲ್ಲಿ ಏನೋ ಒಪ್ಪಿಸುತ್ತಿದ್ದರು.

ಮಗಳು ಪ್ರಾಚಿ ತಾಯಿಯ ಹತ್ತಿರವೇ ಇರಲಿ ಎಂದು ಕೋರ್ಟು ಹೇಳಿದ ದಿನ ನೀತಾ ಪೇಢೆ ತಗೊಂಡು ಇಲ್ಲಿಗೇ ಬಂದಿದ್ದಳು. ಆಗ ಸಿದ್ದಾರೂಢ ವಿಡಿಯೊ ತೆಗೆಯಲು ಮೊಬೈಲು ಹಿಡಿದು ನಕ್ಕಿದ್ದ. "ವಕೀಲರು ಜಾಹೀರಾತು ಮಾಡೂ ಹಂಗಿಲ್ರಿ, ಬಾರ್ ಕೌನ್ಸಿಲ್ ನಿಯಮ ಅದ. ಆದ್ರ ನಿಮ್ಮ ಮನಸಿನ್ಯಾಗಿಂದು ನೀವ ಹೇಳಿದ್ರ ಅದು ಜಾಹೀರಾತು ಹೆಂಗಾಗತದ? ಎರಡು ಮಾತು ಹೇಳ್ರಿ, ಸಾಕು."

ಎದೆಯ ಭಾರ ಇಳಿದ ಹೊತ್ತು. ಎರಡು ಮಾತಿಗೆ ನಿಲ್ಲಲಿಲ್ಲ ಅವಳು. ನ್ಯಾಯಾಧೀಶರ ಕೋಣೆಯಲ್ಲಿ ಪ್ರಾಚಿ ಒಬ್ಬಳೇ ಕೂತು ಹೇಳಿದ್ದನ್ನೂ ಹೇಳಿಬಿಟ್ಟಳು: "ಪಪ್ಪಾ ಒದರಿದ್ರ ನನಗ ಚಡ್ಡ್ಯಾಗ ಉಚ್ಚಿ ಆಗತದ." ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡೇ ಮಗಳು ಅದನ್ನು ತಾಯಿಗೆ ಹೇಳಿದ್ದಳು.

ಆ ವಿಡಿಯೊ ಸಿದ್ದಾರೂಢನ ಹೆಸರು, ಫೋನ್ ನಂಬರು ಹೊತ್ತು ಪುಣೆಯ ಕನ್ನಡದವರ ಮೊಬೈಲುಗಳಲ್ಲೆಲ್ಲ ಓಡಾಡಿತು. ಪುಣೆ ಹತ್ತಿರದ ಸಾಸವಡದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅವಳ ಗಂಡ ಶಿವರುದ್ರಪ್ಪನಿಗೂ ತಲುಪಿತು. ಬಾಯಿ ಜೋರಿನ ಮನುಷ್ಯ. ಆದರೂ ಕೋರ್ಟು ಹೇಳಿದಂತೆ ಪ್ರತಿ ರವಿವಾರ ಸಾರಸಬಾಗ್ ಉದ್ಯಾನಕ್ಕೆ ಬಂದು ಮಗಳೊಡನೆ ಕೂರುತ್ತಿದ್ದ. ಈಗ ಬರುವುದನ್ನೇ ಬಿಟ್ಟಿದ್ದ.

ಸಿದ್ದಾರೂಢ ಮೊಬೈಲಿನ ಮೇಲೆ ಬೆರಳಾಡಿಸಿದ. "ತಗದೆ ನೋಡ್ರಿ. ಮಂದಿ ಕಳಿಸಿಕೊಂಡಿದ್ದು ಮಾತ್ರ ನನ್ನ ಕೈಯಾಗಿಲ್ಲ." ಮೊಬೈಲು ಕೆಳಗಿಟ್ಟು ಕೇಳಿದ, "ನನ್ನ ಮ್ಯಾಲೆ ದೂರು ಕೊಡ್ತೀರೇನು?"

"ಕೊಟ್ರ ಪ್ರಾಚಿ ಪಪ್ಪಾ ಬರತಾರೇನ್ರಿ?"

ನೀತಾ ಮೆಟ್ಟಿಲಿಳಿಯುತ್ತಲೇ ಗಂಡನಿಗೆ ಫೋನು ಹಚ್ಚಿದಳು.

"ಕೋರ್ಟಿನ್ಯಾಗ ನೀ ಏನೇನೋ ಅಂದಿ, ತಡಕೊಂಡೆ," ಎಂದ ಶಿವರುದ್ರಪ್ಪ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. "ಆಕಿ ಹಂಗ ಅಂದಾಳಂತ ಗೊತ್ತಿರಲಿಲ್ಲ. ಈಗ ಆಕಿ ಮುಂದ ಬಾಯಿ ತಗಿಯಾಕ ನನಗ ಅಂಜಿಕಿ ಆಗತದ."

"ಆಕಿ ನಿಮ್ಮ ದಾರಿ ನೋಡ್ತಾಳರಿ. ಬರ್ರಿ."

ಅವನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಪಾತ್ರೆ ಬಡಿದು ನೋಡುವ ಸದ್ದು ಬಂತು. ಆಮೇಲೆ ಫೋನು ಕಟ್ಟಾಯಿತು.

ರವಿವಾರ ಪ್ರಾಚಿ ತಾನೇ ಜಡೆ ಹಾಕಿಕೊಂಡು ಹೊರಟಳು. ಸಾರಸಬಾಗಿನ ಬೆಂಚಿನ ಮೇಲೆ ತಾಯಿಗೆ ಒತ್ತಿ ಕೂತು, ಉದ್ಯಾನದ ಬಾಗಿಲ ಕಡೆ ನೋಡತೊಡಗಿದಳು.

"ಮಮ್ಮಿ, ನಾ ಅಂದಿದ್ದು ಪಪ್ಪಾಗ ಗೊತ್ತಾತೇನು?"

ನೀತಾ ಇಲ್ಲವೆನ್ನಬಹುದಿತ್ತು.

"ಹೌದವಾ. ನಾನ ಹೇಳಿದೆ."

ಪ್ರಾಚಿ ಅಳಲಿಲ್ಲ. ಮೆಲ್ಲಗೆ ಸರಿಯುತ್ತ ಬೆಂಚಿನ ಆ ತುದಿಗೆ ಹೋಗಿ ಕೂತಳು. ನೀತಾ ಕೈ ಚಾಚಲು ಹೋಗಿ ಸುಮ್ಮನಾದಳು.

ವಾಕಿಂಗಿಗೆ ಬಂದಿದ್ದ ಮುದುಕಿಯೊಬ್ಬಳು ಏದುಸಿರು ಬಿಡುತ್ತ, ನಡುವೆ ಯಾರಾದರೂ ಕೂರುವವರಿದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದಳು.

"ಹೂಂ, ನಮ್ಮ ಪಪ್ಪಾ ಬರ್ತಾರೆ," ಎಂದು ಪ್ರಾಚಿ ಮರಾಠಿಯಲ್ಲೇ ಹೇಳಿ, ಖಾಲಿ ಜಾಗದ ಮೇಲೆ ಅಂಗೈ ಊರಿದಳು.

ಮುದುಕಿ ಮುಂದಿನ ಬೆಂಚಿಗೆ ನಡೆದಳು.