ಸಕ್ಕರೆ ಕಟ್ಟಿದ ಮದ್ದು

ಅತ್ತೆ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಆ ಬೆನ್ನೇನು ಸಾಮಾನ್ಯದ್ದೇ? ರೈಲು ಬಂದು ಗುದ್ದಿದರೂ ರೈಲೇ ಕ್ಷಮೆ ಕೇಳಿ ಹಿಂದಕ್ಕೆ ಹೋಗಬೇಕು.

“ಆ ಮದ್ದು ತೆಗೆಯೋಕ್ ಬಿಡಲ್ಲ. ಸಕ್ಕರೆ ಚುಚ್ಚಿ ಚುಚ್ಚಿ ನನ್ನ ತಮ್ಮನ್ನ ಹಜಾರದಲ್ಲಿ ಹೆಣ ಮಾಡಿ ಮಲಗ್ಸಿದೀರ. ನೀನೂ ಹೋಗಿ ಪಕ್ಕದಲ್ಲಿ ಮಲಗ್ತೀಯಾ?”

“ಅಪ್ಪನ ಹೃದಯ ಮೊದಲೇ ಹಾಳಾಗಿತ್ತು ಅತ್ತೆ. ಮದ್ದು ಶುರು ಮಾಡೋದು ತುಂಬ ತಡ ಆಯ್ತು ಅಂದ್ರು ಡಾಕ್ಟ್ರು.”

“ಮತ್ತೇನಂತಾರೆ? ನಾವೇ ಕೊಂದ್ವಿ ಅಂತಾರಾ?”

ಇದೇ ಪ್ರಶ್ನೆ ಬೆಳಗಿನಿಂದ ಮಗಳನ್ನೂ ಕಾಡುತ್ತಿತ್ತು. ಅಪ್ಪನ ರೋಗ ಅವಳಿಗೂ ಬಂದಿತ್ತು: ಲಿವರ್ ಕೆಟ್ಟ ಪ್ರೋಟೀನು ತಯಾರಿಸುತ್ತದೆ, ಅದು ಹೋಗಿ ಹೃದಯದಲ್ಲಿ ಕೂರುತ್ತದೆ. ಇವತ್ತು ಅವಳ ಚುಚ್ಚುಮದ್ದಿನ ದಿನ. ಇವತ್ತು ಹೆದರಿ ಬಿಟ್ಟರೆ ಜನ್ಮದಲ್ಲಿ ಮತ್ತೆ ಮುಟ್ಟುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಅಪ್ಪ ದರ್ಜಿ. ಅವನು ಹೊಲಿದ ಕೋಟು ತೊಟ್ಟರೆ ಜೇಬುಗಳ್ಳನೂ ನ್ಯಾಯಾಧೀಶನಾಗಿಬಿಡುತ್ತಿದ್ದ. ಬದುಕೆಲ್ಲ ಸೂಜಿಯೊಂದಿಗೇ ಕಳೆದವನಿಗೆ ತನ್ನ ಮೈಗೆ ಸೂಜಿ ಎಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಮಗಳದೂ ಅದೇ ಕತೆ. ಅದಕ್ಕೇ ಒಪ್ಪಂದ: ಅವಳಿಗೆ ಅವನು ಚುಚ್ಚಬೇಕು, ಅವನಿಗೆ ಅವಳು.

“ನೋಡು ಪುಟ್ಟೀ, ಈ ಮದ್ದಿನ ಬಾಲಕ್ಕೆ ಸಕ್ಕರೆ ಕಟ್ಟಿದಾರೆ. ಲಿವರ್‌ನ ಜೀವಕೋಶ ಇದೆಯಲ್ಲ, ಥೇಟ್ ನಿಮ್ಮತ್ತೆ. ಆ ಸಕ್ಕರೆ ಕಂಡ್ರೆ ಬಾಚಿ ಒಳಗೆಳ್ಕೊಳ್ಳುತ್ತೆ. ಜೊತೆಗೆ ಮದ್ದೂ ಒಳಗೆ! ಹೋಗಿ ಪ್ರೋಟೀನಿನ ಅಂಗಡಿ ಮುಚ್ಚಿಸುತ್ತೆ.”

“ದಾರಿ ತಪ್ಪಿ ಬೇರೆ ಕಡೆ ಹೋದ್ರೆ?”

“ಬೇರೆ ಕಡೆ ಅದನ್ನ ಯಾರು ಮಾತಾಡಿಸ್ತಾರೆ?”

ಅಷ್ಟರಲ್ಲಿ ಚುಚ್ಚಿ ಆಗಿರುತ್ತಿತ್ತು.

*

ಬೀದಿಯಲ್ಲಿ ಶವದ ಗಾಡಿ ಬಂದು ನಿಂತಿತು. ಮಗಳು ಫ್ರಿಜ್ಜಿನ ಹಿಡಿಯತ್ತ ಕೈ ಚಾಚಿದಳು.

“ಚುಚ್ಕೊಂಡ್ರೂ ಭಯ ಅತ್ತೆ, ಬಿಟ್ರೂ ಭಯ. ಆದ್ರೆ ತಡ ಮಾಡಿದ್ರೆ ಏನಾಗುತ್ತೆ ಅಂತ ನೋಡ್ತಾ ಇದೀನಲ್ಲ.”

ಅತ್ತೆ ಹಜಾರದತ್ತ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

“ಚುಚ್ಚೋದ್ ಯಾರೇ? ನನ್ ಕೈಲಾಗಲ್ಲ.”

“ನಾನೇ. ನೀನು ಹೊಟ್ಟೆ ಚರ್ಮ ಮಡಿಚಿ ಹಿಡ್ಕೋ, ಸಾಕು.”

ಅತ್ತೆ ಎರಡೂ ಕೈಯಲ್ಲಿ ಹಿಡಿದು ಮುಖವನ್ನು ಗೋಡೆಗೆ ತಿರುಗಿಸಿದಳು. ಅವಳ ನಡುಕಕ್ಕೆ ಅಡುಗೆಮನೆಯ ಪಾತ್ರೆಗಳೆಲ್ಲ ಗಲಗಲ ಎಂದವು. ಮಗಳು ಸಿರಿಂಜಿನ ಮುಚ್ಚಳ ಕಿತ್ತಳು. ಸೂಜಿ ಇಳಿಯಿತು.

“ಹೊತ್ತಾಯ್ತು, ಬನ್ನಿ,” ಹಜಾರದಿಂದ ಯಾರೋ ಕೂಗಿದರು.

ಸೂಜಿ ಹೊರಬಂತು.

“ಆಯ್ತು ಅತ್ತೆ, ಬಿಡು.”

ಹೆಣ ಎತ್ತುವ ಸದ್ದು ಕೇಳಿಸಿತು. ಅತ್ತೆಯ ಬೆರಳುಗಳು ಬಿಡಲಿಲ್ಲ.