ಬೆರಳು ತೋರಿಸುವ ತನಕ

ಹತ್ತಿ ಒಣಗಿ ಮೊಣಕೈ ಸಂದಿಗೆ ಅಂಟಿಕೊಂಡಿದೆ, ಕೀಳಲೋ ಬೇಡವೋ, ಕಿತ್ತರೆ ಮತ್ತೆ ಒಸರಬಹುದು, ಒಸರಿದರೆ ಅದೂ ರಕ್ತ ಕೊಟ್ಟ ಹಾಗೆ ಆಗುತ್ತದಾ — ಇಲ್ಲ, ಎರಡು ಚಮಚೆಯೂ ಇರಲಿಲ್ಲ, ಪರೀಕ್ಷೆಗೆಂದು ತೆಗೆದದ್ದು, ಅದಕ್ಕೆ ಯಾವ ನಿಯಮವೂ ಇಲ್ಲ, ನಾನಿನ್ನೂ ಫಿಟ್, ಫಸ್ಟ್ ಆಫೀಸರ್ ರೇವತಿ ದಾವಣಗೆರೆಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನ ಮುಂದೆ ಕಬ್ಬಿಣದ ಬೆಂಚಿನ ಮೇಲೆ ಪೂರ್ತಿ ಫಿಟ್ ಆಗಿ ಕೂತಿದ್ದಾಳೆ, ಗಂಟೆ ಹನ್ನೊಂದೂ ಐದು, ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು, ಕಂಪನಿಯ ಆ್ಯಪ್‌ನಲ್ಲಿ ಐದೂ ಮೂವತ್ತೈದು, ಅದು ಗ್ರೀನಿಚ್ಚಿನ ಟೈಮು, ಐದೂವರೆ ಕೂಡಿಸಬೇಕು, ಬೆಳಗಿನಿಂದ ಕೂಡಿಸಿ ಕಳೆದು ಕೂಡಿಸಿ ತಲೆ ಗಿರ್ರೆನ್ನುತ್ತಿದೆ. ನರ್ಸು ಹೇಳಿ ಹೋದದ್ದು ಸ್ಪಷ್ಟವಾಗಿಯೇ ಇತ್ತು, ಬಿ ನೆಗೆಟಿವ್ ನಮ್ಮಲ್ಲಿ ಒಂದೇ ಬಾಟ್ಲಿ ಐತೆ, ನಿಮ್ ತಂಗೀಗೆ ಅದು ಸಾಕಾಗ್ಲಿಲ್ಲ ಅಂದ್ರೆ ನಿಮ್ಮನ್ನ ಕರೀತೀವಿ, ಎಲ್ಲೂ ಹೋಗಬ್ಯಾಡ್ರಿ, ಇಲ್ಲೇ ಕೂಡ್ರಿ. ಕೂತಿದ್ದೇನೆ. ಕೂರುವುದೇ ನನ್ನ ಕೆಲಸ. ಬಾಗಿಲ ಆಚೆ ಸುಷ್ಮಾ ಇದ್ದಾಳೆ, ನನಗಿಂತ ಮೂರು ವರ್ಷ ಚಿಕ್ಕವಳು, ನಸುಕಿನಲ್ಲಿ ಹರಿಹರದ ಅವಳ ಮನೆಯಿಂದ ಆಂಬುಲೆನ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಚೂಡಿದಾರದ ಅಂಚು ಹಿಡಿದುಕೊಂಡಿದ್ದಳು, ಅಂಚು ಇನ್ನೂ ಮುದುಡಿದೆ. ಅವಳ ಜೊತೆ ಅವ್ವ ಒಳಗಿದ್ದಾಳೆ, ನನ್ನ ಪಕ್ಕದಲ್ಲಿ ಅಪ್ಪ.

ಬಾಗಿಲು ತೆರೆದಾಗಲೆಲ್ಲ ಅಪ್ಪ ಎದ್ದು ನಿಲ್ಲುತ್ತಾನೆ. ಎದೆ ಮುಂದೆ ಮಾಡಿ, ಅಂಗಿಯ ಜೇಬು ಮುಟ್ಟಿಕೊಂಡು. ಅವನದು ಬಿ ಪಾಸಿಟಿವ್, ನಡೆಯುವುದಿಲ್ಲ ಎಂದು ನರ್ಸು ಹೇಳಿದ್ದಾಳೆ, ಆದರೂ ನಿಲ್ಲುತ್ತಾನೆ, ಮಿಲ್ಲಿನ ಗೇಟಿನಲ್ಲಿ ಕಲಿತ ನಿಲುವು ಅದು, ಅಲ್ಲಿ ಅಪ್ಪನೆಂದರೆ ಬದ್ಲಿ ಹುಲಿಯಪ್ಪ, ಒಂಬತ್ತು ವರ್ಷ ಬದ್ಲಿ, ಸೈರನ್ ಕೂಗುವ ಮೊದಲೇ ವಿನೋಬನಗರದಿಂದ ನಡೆದುಹೋಗಿ ನಲವತ್ತು ಜನರ ನಡುವೆ ನಿಲ್ಲಬೇಕು, ದೊಡ್ಡ ಗೇಟಿನೊಳಗೊಂದು ಸಣ್ಣ ಬಾಗಿಲು ತೆರೆಯುತ್ತದೆ, ಟೈಂಕೀಪರ್ ಮಾಲತೇಶಪ್ಪ ಹೊರಬಂದು ನಿಲ್ಲುತ್ತಾನೆ, ಹೆಸರು ಕರೆಯುವುದಿಲ್ಲ, ಹಸಿರು ಕಲ್ಲಿನ ಉಂಗುರದ ಬೆರಳೆತ್ತಿ ತೋರಿಸುತ್ತಾನೆ, ನೀನು, ನೀನು, ನೀನು, ಅಷ್ಟೇ, ಉಳಿದವರು ಮನೆಗೆ. ಕಾಯಂ ಆದವನೊಬ್ಬನಿಗೆ ಜ್ವರ ಬಂದರೆ ಬದ್ಲಿಗೆ ಕೆಲಸ. ನಾನು ಪೈಲಟ್ ಆದ ಮೇಲೆ ಅಪ್ಪ ಒಂದು ದಿನ ಕೇಳಿದ, ದಿನಾ ಹಾರ್ತೀಯೇನವ್ವ, ನಾನು ಇಲ್ಲಪ್ಪ ರಿಸರ್ವ್ ಅಂದೆ, ಅಂದ್ರೆ ಎಂದ, ಅಂದ್ರೆ ಯಾರಾದ್ರೂ ಬರಲಿಲ್ಲ ಅಂದ್ರೆ ನಮ್ಮನ್ನ ಕರೀತಾರೆ, ಅಪ್ಪ ನಕ್ಕುಬಿಟ್ಟ, ವಿಮಾನದಾಗೂ ಬದ್ಲಿ ಐತೇನವ್ವ. ನನಗೆ ಸಿಟ್ಟು ಬಂದಿತ್ತು. ಈಗಲೂ ಬರುತ್ತದೆ, ಅವನು ಹೇಳಿದ್ದು ನಿಜವೆಂದೇ ಬರುತ್ತದೆ.

ಬೇರೆಯವರ ತಿಂಗಳ ರೋಸ್ಟರಿನಲ್ಲಿ ಊರುಗಳಿರುತ್ತವೆ, ಪುಣೆ, ಇಂದೋರ್, ಗುವಾಹಟಿ, ನನ್ನದರಲ್ಲಿ ಆರ್, ಆರ್, ಆರ್, ಹದಿನಾಲ್ಕು ಮನೆಗಳಲ್ಲಿ ಬರೀ ಆರ್, ಅದರಲ್ಲೂ ಎರಡು ಬಗೆ, ಒಂದರಲ್ಲಿ ಕರೆ ಬಂದ ಒಂದೂವರೆ ಗಂಟೆಯಲ್ಲಿ ಏರ್‌ಪೋರ್ಟಿನಲ್ಲಿರಬೇಕು, ಇನ್ನೊಂದರಲ್ಲಿ ಹತ್ತು ಗಂಟೆ ಬಿಡುತ್ತಾರೆ, ಈ ವಾರ ಹತ್ತು ಗಂಟೆಯದು, ಅದಕ್ಕೇ ಧೈರ್ಯ ಮಾಡಿ ಊರಿಗೆ ಬಂದದ್ದು. ಬೆಂಗಳೂರಿಗೆ ಐದು, ಏರ್‌ಪೋರ್ಟ್ ರಸ್ತೆಗೆ ಎರಡು, ಸ್ನಾನ ಸಮವಸ್ತ್ರಕ್ಕೆ ಒಂದು, ಉಳಿದದ್ದು ಎರಡು ಗಂಟೆ, ಆ ಎರಡು ಗಂಟೆ ಮಾತ್ರ ನನ್ನದು. ಈ ತಿಂಗಳು ಯಾರು ಕಡಿಮೆ ಹಾರಿದ್ದಾರೋ ಅವರನ್ನು ಮೊದಲು ಕರೆಯುತ್ತಾರೆ, ನಾನು ಹಾರಿದ್ದು ಹನ್ನೊಂದೇ ಗಂಟೆ, ಪಟ್ಟಿಯ ಮೇಲ್ತುದಿಯಲ್ಲಿ ನಾನು, ನನ್ನ ಕೆಳಗೆ ನನ್ನ ಹಾಗೇ ರಿಸರ್ವ್ ಆಗಿರುವ ಅಶ್ವಥ್, ದೆಹಲಿಯಲ್ಲಿ ಮಂಜು ಬಿದ್ದು ಯಾರದೋ ಡ್ಯೂಟಿ ಗಂಟೆ ಮುಗಿದರೆ, ಯಾರಿಗೋ ಹೊಟ್ಟೆ ಕೆಟ್ಟರೆ, ಕಂಟ್ರೋಲ್ ರೂಮಿನ ಕಾಂತರಾಜ್ ಪಟ್ಟಿಯ ಮೇಲೆ ಬೆರಳಿಡುತ್ತಾನೆ. ಫೋನ್ ಎತ್ತಿದರೆ ಒಪ್ಪಿದ ಹಾಗೆ. ಎತ್ತದಿದ್ದರೆ ಸಿಗಲಿಲ್ಲ ಎಂದು ಬರೆಯುತ್ತಾರೆ, ನನಗೆ ಆಗಲೇ ಒಂದು ಬಿದ್ದಿದೆ, ಹೋದ ತಿಂಗಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ, ಹೊರಬರುವಷ್ಟರಲ್ಲಿ ಎರಡು ಮಿಸ್ಡ್ ಕಾಲ್, ಮರುದಿನ ಪತ್ರ. ಇನ್ನೊಂದು ಬಿದ್ದರೆ ಕನ್ಫರ್ಮ್ ಆಗುವುದು ಮುಂದಕ್ಕೆ ಹೋಗುತ್ತದೆ, ಒಂದನೇ ತಾರೀಕು ಕನ್ಫರ್ಮ್ ಆಗಬೇಕು, ಅಪ್ಪನ ಭಾಷೆಯಲ್ಲಿ ಕಾಯಂ, ದಿನಕ್ಕೆರಡು ಸಲ ಕೇಳುತ್ತಾನೆ, ಕಾಯಂ ಯಾವಾಗವ್ವ. ಮತ್ತೆ ರಕ್ತ, ಅದಕ್ಕೂ ನಿಯಮವಿದೆ, ರಕ್ತ ಕೊಟ್ಟವರು ಇಷ್ಟು ಗಂಟೆ ಹಾರುವಂತಿಲ್ಲ, ಎಷ್ಟು, ಇಪ್ಪತ್ತನಾಲ್ಕೋ ನಲವತ್ತೆಂಟೋ ಎಪ್ಪತ್ತೆರಡೋ, ಪರೀಕ್ಷೆಯಲ್ಲಿ ಬಂದಿತ್ತು, ಯಾವುದಕ್ಕೋ ಗುರುತು ಹಾಕಿದ್ದೆ, ಪಾಸಾದೆ, ಯಾವುದಕ್ಕೆ ಹಾಕಿದ್ದೆ ನೆನಪಿಲ್ಲ. ಯಾವ ಬೆರಳು ಮೊದಲು ಬರುತ್ತದೆ, ಒಳಗಿನದೋ ಬೆಂಗಳೂರಿನದೋ, ತಿಳಿಯುತ್ತಿಲ್ಲ.

ಅಪ್ಪ ಮಿಲ್ಲಿನ ಕಥೆಗಳನ್ನೆಲ್ಲ ಹೇಳುತ್ತಾನೆ, ಒಂದನ್ನು ಬಿಟ್ಟು. ಅದನ್ನು ಅವ್ವ ಹೇಳಿದ್ದು, ಒಮ್ಮೆ ಮಾತ್ರ, ಮಂಡಕ್ಕಿ ಕೇರುತ್ತಾ, ತಲೆ ಎತ್ತದೆ. ನನಗಿಂತ ಮೊದಲು ಒಂದು ಗಂಡು ಕೂಸಿತ್ತಂತೆ. ಬೆಳಿಗ್ಗೆ ನೋವು ಶುರುವಾಗಿತ್ತು, ಅಪ್ಪನಿಗೆ ಆ ವರ್ಷ ಇನ್ನೂರ ಇಪ್ಪತ್ತಾರು ದಿನ ತುಂಬಿತ್ತು, ಇನ್ನೂರ ನಲವತ್ತಾದರೆ ಕಾಯಂ ಮಾಡುತ್ತಾರೆ ಎಂದಿದ್ದರು, ಗೇಟಿಗೆ ಹೋಗಿ ಮುಖ ತೋರಿಸಿ ಬರ್ತೀನಿ ಎಂದು ಹೋದ, ಬೆರಳು ಅವನತ್ತಲೇ ಬಂತು, ಒಳಗೆ ಹೋದ, ಮಧ್ಯಾಹ್ನ ಹೇಳಿಕಳಿಸಿದರೆ ಶಿಫ್ಟ್ ಮುಗಿಯದೆ ಬಿಡಲ್ಲ ಎಂದರಂತೆ, ಸಂಜೆ ಬರುವ ಹೊತ್ತಿಗೆ ಕೂಸು ಇರಲಿಲ್ಲ. ಇನ್ನೂರ ಮೂವತ್ತೊಂದನೆಯ ದಿನ ನಾಳೆಯಿಂದ ಬರಬ್ಯಾಡ ಎಂದರು, ಆಮೇಲೆ ಮಿಲ್ಲೇ ಮುಚ್ಚಿತು, ಅಪ್ಪ ಊರ ಹೊರಗೆ ಕರೂರಿನ ಫ್ಯಾಕ್ಟರಿಗಳಲ್ಲಿ ಕಾವಲಿಗೆ ಸೇರಿದ, ಗೇಟಿನ ಒಳಗಡೆ ಕೂರುವವನಾದ. ಅವ್ವ ಮಂಡಕ್ಕಿ ಕೇರುತ್ತಲೇ ಇದ್ದಳು. ನಾನು ಆಮೇಲೆ ಏನು ಕೇಳಿದೆನೋ, ಕೇಳಲಿಲ್ಲವೋ, ನೆನಪಿಲ್ಲ.

ಫೋನು ನಡುಗುತ್ತಿದೆ. ಕ್ರೂ ಕಂಟ್ರೋಲ್. ಹನ್ನೊಂದೂ ಇಪ್ಪತ್ತು — ಹತ್ತು ಕೂಡಿಸಿದರೆ ರಾತ್ರಿ ಒಂಬತ್ತೂ ಇಪ್ಪತ್ತು, ಅಲ್ಲ, ಹೌದು, ಈಗಲೇ ಎದ್ದರೆ ತಲುಪಬಹುದು, ಒಂದು ಗಂಟೆ ಬಿಟ್ಟು ಎದ್ದರೂ ತಲುಪಬಹುದು, ಅಷ್ಟರಲ್ಲಿ ಬಾಗಿಲು ತೆರೆದು ನರ್ಸು ಬಂದರೆ ಏನು ಹೇಳಲಿ, ಸುಷ್ಮಾಳಿಗೆ ಏನು ಹೇಳಲಿ, ಬಾಗಿಲು ಮುಚ್ಚಿಯೇ ಇದೆ, ಯಾರಾದರೂ ಬಂದು ಒಂದು ಮಾತು ಹೇಳಬಾರದಾ. ಕಂಪನೀದೇನವ್ವ, ಅಪ್ಪ ಕೇಳುತ್ತಾನೆ. ಹೂಂ. ತಗಳವ್ವ, ನಾ ಇದೀನಲ್ಲ ಇಲ್ಲಿ, ನೀ ಕಾಯಂ ಆಗು. ಹಾಗೆನ್ನುತ್ತಲೇ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಾನೆ, ಬಿಡುತ್ತಿಲ್ಲ, ಹಿಡಿದಿರುವುದು ಅವನಿಗೆ ಗೊತ್ತೇ ಇಲ್ಲವೇನೋ, ನೋಯುತ್ತಿದೆ, ಬಾಯಿ ಹೋಗು ಅನ್ನುತ್ತದೆ, ಕೈ ಬಿಡುವುದಿಲ್ಲ, ಯಾವುದನ್ನು ಕೇಳಲಿ. ಎಡಗೈಯಲ್ಲಿ ಫೋನ್ ಎತ್ತಿದೆ. ಮ್ಯಾಮ್, ಒಂಬತ್ತೂವರೆ ರಿಪೋರ್ಟಿಂಗ್, ಎಂದ ಕಾಂತರಾಜ್. ಅನ್‌ಫಿಟ್, ಎಂದೆ. ಕಾರಣ ಹೇಳಿ ಮ್ಯಾಮ್, ಬರ್ಕೋಬೇಕು. ರಕ್ತ ಕೊಟ್ಟಿದ್ದೇನೆ. ನನ್ನ ಬಾಯಿಂದಲೇ ಬಂತು, ಇನ್ನೂ ಒಂದು ಹನಿ ಕೊಟ್ಟಿಲ್ಲ, ಕೊಡುವವಳಿದ್ದೇನೆ, ಕೊಟ್ಟೇ ಕೊಡುತ್ತೇನೆ, ಹಾಗಾದರೆ ಅದು ಸುಳ್ಳಾ. ಅವನು ಕೀಬೋರ್ಡ್ ಒತ್ತುವ ಸದ್ದು ಕೇಳಿಸಿತು, ಬ್ಲಡ್ ಬ್ಯಾಂಕಿನ ಸ್ಲಿಪ್ ಕಳಿಸಿ ಮ್ಯಾಮ್, ಇವತ್ತಿನ ತಾರೀಕಿರಬೇಕು, ಎಂದು ಇಟ್ಟುಬಿಟ್ಟ. ಈಗ ಅವನ ಬೆರಳು ಅಶ್ವಥ್ ಮೇಲೆ ಹೋಗಿರುತ್ತದೆ, ಇವತ್ತು ಸಂಜೆ ಮಗಳ ಶಾಲೆಯಲ್ಲಿ ಡ್ಯಾನ್ಸ್ ಇದೆ ಎಂದಿದ್ದ.

ಬಾಗಿಲು ತೆರೆಯಿತು. ಅಪ್ಪ ಎದ್ದು ನಿಂತ, ನಾನೂ ನಿಂತೆ, ನನಗೆ ತಿಳಿಯದೆಯೇ ಎದೆ ಮುಂದೆ ಬಂದಿತ್ತು. ಹೆಣ್ಣು ಕೂಸು ರೀ, ಇಬ್ರೂ ಚೆನ್ನಾಗದಾರೆ, ರಕ್ತ ನಿಂತೈತೆ, ಒಂದೇ ಬಾಟ್ಲಿ ಸಾಕಾತು, ನಿಮ್ದು ಬ್ಯಾಡ, ಎಂದಳು ನರ್ಸು. ಅಪ್ಪ ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡ. ಖುಷಿಯಾಯಿತು, ಸುಷ್ಮಾ ಇದ್ದಾಳೆ, ಕೂಸು ಇದೆ, ನಾನು ಫಿಟ್ ಇದ್ದೇನೆ — ಫಿಟ್ ಇದ್ದೇನೆ, ಅನ್‌ಫಿಟ್ ಅಂದಿದ್ದೇನೆ, ಈಗ ಫೋನ್ ಮಾಡಿ ಏನು ಹೇಳಲಿ, ಕೊಟ್ಟ ರಕ್ತ ವಾಪಸ್ ಬಂತು ಎನ್ನಲಾ, ಅಶ್ವಥ್ ಆಗಲೇ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿರಬಹುದು. ಸಿಸ್ಟರ್, ತಗೊಳ್ಳಿ. ಏನು ರೀ. ರಕ್ತ. ಯಾರಿಗೆ ರೀ, ಬ್ಯಾಡ ಅಂದ್ನಲ್ಲ. ಯಾರಿಗಾದ್ರೂ. ನರ್ಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಮೆಟ್ಟಿಲ ಕಡೆ ಬೆರಳು ತೋರಿಸಿದಳು.

ಕೆಳಗಿನ ರಕ್ತನಿಧಿಯಲ್ಲಿ ತಂಪಿದೆ, ಫ್ರಿಜ್ ಗುಂಯ್‌ಗುಡುತ್ತಿದೆ, ಬಿ ನೆಗೆಟಿವ್ ಖಾಲಿ ಆಗಿತ್ತು, ಒಳ್ಳೇದಾತು ಬಂದಿದ್ದು, ಎನ್ನುತ್ತಾಳೆ ಅಲ್ಲಿಯ ಹೆಂಗಸು, ಯಾರಿಗಾದ್ರೂ ಬೇಕಾಗೋ ತನಕ ಇಲ್ಲೇ ಇರ್ತೈತೆ. ಸ್ಲಿಪ್ಪಿಗೋಸ್ಕರ ಕೊಡುತ್ತಿದ್ದೇನಾ, ಸುಷ್ಮಾಗೋಸ್ಕರವಾ, ಆ ಗಂಡು ಕೂಸಿಗೋಸ್ಕರವಾ, ಗೊತ್ತಿಲ್ಲ, ಮಲಗಿದ್ದೇನೆ, ಒಣಗಿದ ಹತ್ತಿಯನ್ನು ಅವಳೇ ಕಿತ್ತಳು. ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಬಾ ಎಂದರೂ ಬರುತ್ತಿಲ್ಲ. ಕೂಸನ್ನ ನೋಡಿ ಬಾ ಹೋಗಪ್ಪ. ನೀ ಎದ್ ಮ್ಯಾಲೆ ಹೋಗಾನ. ಹೆಂಗಸಿನ ಕೈಗವಸಿನ ಬೆರಳು ನನ್ನ ಮೊಣಕೈ ಸಂದಿಯಲ್ಲಿ ನರ ಹುಡುಕುತ್ತಿದೆ, ಅಲ್ಲಲ್ಲ, ಇಲ್ಲ, ಇಲ್ಲೂ ಇಲ್ಲ, ಹಾಂ — ನಿಂತಿತು, ಬೆರಳು ನಿಂತಿತು, ಅಪ್ಪ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದಾನೆ, ಕೈ ಜೇಬಿನ ಮೇಲಿದೆ, ಬೆರಳು ನನ್ನ ಮೇಲೆ, ನೀನು, ಆ ಬೆರಳು, ನೀನು